ಅರಿಹಂತ್‌ಗೆ ಕಾರವಾರ ಯಾಕೆ ಬೇಡವಾಯ್ತು?

ಬಿಣಗಾ ಹುಡುಗ: ನಿನ್ನೆ ಚಹಾ ಅಂಗಡಿಯಲ್ಲಿ ಇದೇ ಜಗಳ. 2025ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಮುರ್ಮು ಕಾರವಾರದಲ್ಲಿ ಸಬ್‌ಮರಿನ್ ಹತ್ತಿ ನೀರೊಳಗೆ ಹೋಗಿ ಬಂದರಲ್ಲ, ಅದು ಅಣುಶಕ್ತಿಯದ್ದೇ ಅಂತ ಒಬ್ಬರ ಹಟ. ನನ್ನ ಪ್ರಶ್ನೆ ಬೇರೆ. ಅಣು ಸಬ್‌ಮರಿನ್ ಎಲ್ಲ ವಿಶಾಖಪಟ್ಟಣಕ್ಕೇ ಯಾಕೆ? ನಮ್ಮ ಕಾರವಾರದ ನೌಕಾನೆಲೆ ಸೀಬರ್ಡ್‌ನಲ್ಲಿ ಹಡಗನ್ನು ನೀರಿನಿಂದ ಮೇಲೆತ್ತುವ ಶಿಪ್ ಲಿಫ್ಟ್ ಇದೆ, 10,000 ಟನ್ ಎತ್ತುತ್ತದೆ. ದೇಶದಲ್ಲೇ ಕಟ್ಟಿದ ಮೊದಲ ಅಣು ಸಬ್‌ಮರಿನ್ ಅರಿಹಂತ್ ಸುಮಾರು 6,000 ಟನ್. ಜಾಗ ಕೊಟ್ಟವರು ನಾವು, ದೊಡ್ಡ ಮಾಲು ಅಲ್ಲಿಗೆ!

ಮಾಜಿ ನೇವಿ, ಅಂಕೋಲಾ: ರಾಷ್ಟ್ರಪತಿ ಹೋದದ್ದು ವಾಘ್‌ಶೀರ್‌ನಲ್ಲಿ. ಡೀಸೆಲ್, ಬ್ಯಾಟರಿಯ ಸಬ್‌ಮರಿನ್, ಮುಂಬೈಯಲ್ಲಿ ಕಟ್ಟಿದ್ದು. ಬ್ಯಾಟರಿ ಇಳಿದರೆ ಅದು ಮೇಲಕ್ಕೆ ಬಂದು, ಕೊಳವೆ ಹೊರಗೆ ಚಾಚಿ, ಗಾಳಿ ಎಳೆದು ಎಂಜಿನ್ ಓಡಿಸಬೇಕು. ಸಿಕ್ಕಿಬೀಳೋದು ಆಗಲೇ. ಅರಿಹಂತ್‌ಗೆ ಆ ತಾಪತ್ರಯ ಇಲ್ಲ, ಅಣು ರಿಯಾಕ್ಟರ್‌ಗೆ ಗಾಳಿ ಬೇಡ. ಕುಡಿಯುವ ನೀರು, ಉಸಿರಾಡುವ ಆಮ್ಲಜನಕ ಎರಡನ್ನೂ ಸಮುದ್ರದ ನೀರಿನಿಂದಲೇ ಮಾಡಿಕೊಳ್ಳುತ್ತದೆ. ಅಕ್ಕಿ, ಬೇಳೆ ಇರುವ ತನಕ ಒಳಗೇ ಇರಬಹುದು.

ಶಿಪ್ ಲಿಫ್ಟ್ ಲೆಕ್ಕ ಸರಿ ತಮ್ಮಾ, ಆದರೆ ಎತ್ತೋದು ಇಲ್ಲಿ ವಿಷಯವೇ ಅಲ್ಲ. ಬಂದರು ಬಿಟ್ಟ ಕೂಡಲೇ ಮುಳುಗಿ ಮಾಯವಾಗಲು ಆಳ ಬೇಕು. ಪೂರ್ವ ಕರಾವಳಿಯಲ್ಲಿ ಆಳ ಬೇಗ ಸಿಗುತ್ತದೆ.

ತದಡಿ ಬೋಟು: ಆಳದ ಮಾತು ನಿಜ ಮಾರಾಯ್ರೆ. ನಮ್ಮಲ್ಲಿ ಪಡುವಣಕ್ಕೆ ಎಷ್ಟು ಹೊತ್ತು ಓಡಿಸಿದರೂ ಇಪ್ಪತ್ತು ಮಾರು, ಮೂವತ್ತು ಮಾರು ಅಂತ ಮೆಲ್ಲಗೆ ಇಳಿಯುತ್ತದೆ (ಒಂದು ಮಾರು ಅಂದರೆ ಸುಮಾರು ಆರು ಅಡಿ). ಅರಿಹಂತ್ ಉದ್ದ 111 ಮೀಟರ್ ಅಂತೆ. ಮೂವತ್ತು ಮಾರಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರೆ ಅರ್ಧ ಹೊರಗೇ ಇರುತ್ತೆ ಅಲ್ವಾ!

ಶಿರಸಿ ಪೇಟೆ: ಆದರೂ ಕೈಗಾ ಅಣು ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇತ್ತಲ್ಲ? ಕೈಗಾ ಮಾಡಿದ್ದೇ ಸಬ್‌ಮರಿನ್ ಸಲುವಾಗಿ ಅಂತ ನಮ್ಮ ಮಾವ ಈಗಲೂ ಹೇಳುತ್ತಾರೆ.

ಮಲ್ಲಾಪುರ ಟೌನ್‌ಶಿಪ್: ಮಾವನಿಗೆ ನನ್ನ ನಮಸ್ಕಾರ ತಿಳಿಸಿ. ಒಂದಕ್ಕೊಂದು ಸಂಬಂಧ ಇಲ್ಲ. ಕೈಗಾದ್ದು ಭಾರಜಲದ ರಿಯಾಕ್ಟರ್, ಗಣಿಯಿಂದ ಬಂದ ಮಾಮೂಲಿ ಯುರೇನಿಯಂ ಸಾಕು. ರಿಯಾಕ್ಟರ್ ಓಡುತ್ತಿರುವಾಗಲೇ ಒಂದು ಕಡೆಯಿಂದ ಹೊಸ ಇಂಧನ ತಳ್ಳುತ್ತೇವೆ, ಇನ್ನೊಂದು ಕಡೆಯಿಂದ ಹಳೆಯದು ಹೊರಗೆ ಬರುತ್ತದೆ. ಒಂದನೇ ಘಟಕ 2018ರ ಕೊನೆಯ ತನಕ 962 ದಿನ ನಿಲ್ಲದೆ ಓಡಿದ್ದು ಹೀಗೇ. ಈ ಯಂತ್ರ ಸಬ್‌ಮರಿನ್‌ನ ಹೊಟ್ಟೆಯಲ್ಲಿ ಹಿಡಿಸೋದೇ ಇಲ್ಲ. ಅಲ್ಲಿ ಚಿಕ್ಕ ರಿಯಾಕ್ಟರ್ ಬೇಕು, ಒಮ್ಮೆ ತುಂಬಿದರೆ ವರ್ಷಗಟ್ಟಲೆ ಮುಟ್ಟಬಾರದು. ಅದಕ್ಕೆ ಎನ್‌ರಿಚ್ ಮಾಡಿದ, ಅಂದರೆ ಶಕ್ತಿ ಕೊಡುವ ಅಂಶ ಹೆಚ್ಚಿಸಿದ ಯುರೇನಿಯಂ ಬೇಕು. ಕರ್ನಾಟಕದ ಪಾಲು ಬೇಕು ಅಂದರೆ ಯುರೇನಿಯಂ ಎನ್‌ರಿಚ್ ಮಾಡುವ ಮೈಸೂರು ಹತ್ತಿರದ ರತ್ತೇಹಳ್ಳಿ ನೋಡಿ. ಕೈಗಾ ಅಲ್ಲ.

ಅರಿಹಂತ್‌ನ ರಿಯಾಕ್ಟರ್ 83 ಮೆಗಾವಾಟ್, ಅದೂ ಶಾಖದ ಲೆಕ್ಕದಲ್ಲಿ. ಮೊದಲು ಕಲ್ಪಾಕಂನಲ್ಲಿ ನೆಲದ ಮೇಲೆ ಅದರ ಮಾದರಿ ಕಟ್ಟಿ ಓಡಿಸಿ ನೋಡಿದರು. ಹೊರಮೈ ತುಂಡುಗಳು ಗುಜರಾತಿನ ಹಜೀರಾದಿಂದ ಬಂದವು, ಜೋಡಿಸಿದ್ದು ವಿಶಾಖಪಟ್ಟಣದಲ್ಲಿ. 2009ರ ಜುಲೈ 26ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವರ ಪತ್ನಿ ಗುರುಶರಣ್ ಕೌರ್ ತೆಂಗಿನಕಾಯಿ ಒಡೆದರು, ಹಡಗು ನೀರಿಗಿಳಿಯಿತು. ಆಗ ರಿಯಾಕ್ಟರ್ ತಣ್ಣಗೇ ಇತ್ತು. ಅದಕ್ಕೆ ಜೀವ ಬಂದದ್ದು 2013ರ ಆಗಸ್ಟ್‌ನಲ್ಲಿ. ನೌಕಾಪಡೆಗೆ ಸೇರಿದ್ದು 2016ರಲ್ಲಿ.

ಇನ್ನೊಂದು. ರಿಯಾಕ್ಟರ್ ನಿಲ್ಲಿಸಿದರೂ ಶಾಖ ನಿಲ್ಲೋದಿಲ್ಲ. ಒಲೆ ಆರಿಸಿದ ಮೇಲೂ ಕೆಂಡ ಇರುತ್ತಲ್ಲ, ಹಾಗೆ. ಬಂದರಿನಲ್ಲಿ ಕಟ್ಟಿಹಾಕಿದಾಗಲೂ ತಂಪು ಮಾಡುತ್ತಲೇ ಇರಬೇಕು. ಬೇರೆ ಹಡಗಿನ ಹಾಗೆ ಎಲ್ಲೆಂದರಲ್ಲಿ ನಿಲ್ಲಿಸಲು ಬರೋದಿಲ್ಲ.

ಬಿಣಗಾ ಹುಡುಗ: ಆ ವ್ಯವಸ್ಥೆ ಇಲ್ಲೂ ಮಾಡಬಹುದಿತ್ತು. ನಮ್ಮ ಹುಡುಗರಿಗೆ ಕೆಲಸವೂ ಸಿಗುತ್ತಿತ್ತು.

ತೊಡೂರು ಕಾಲೋನಿ: ಕೆಲಸವಾ? ಸೀಬರ್ಡ್‌ಗೆ 1986ರಲ್ಲಿ ರಾಜೀವ್ ಗಾಂಧಿ ಕಲ್ಲು ಹಾಕಿದಾಗಲೂ ಇದೇ ಮಾತು ಕೇಳಿದ್ದೆವು. ನೆಲೆ ಶುರುವಾದದ್ದು 2005ರಲ್ಲಿ. ನಮ್ಮ ಮನೆ ಅರ್ಗಾದಲ್ಲಿತ್ತು. ಅಂಗಳದಿಂದ ಇಳಿದರೆ ಮರಳು. ಅಪ್ಪ ಪರಿಹಾರದ ಕಾಗದಗಳನ್ನು ಹಾಲಿನ ಪ್ಯಾಕೆಟ್ ಕತ್ತರಿಸಿ ಅದರಲ್ಲಿ ಸುತ್ತಿಟ್ಟಿದ್ದರು, ಮಳೆಗೆ ನೆನೆಯಬಾರದು ಅಂತ. ಒಂದು ಕಚೇರಿಯಲ್ಲಂತೂ ಅದೇ ಕಾಗದದ ಜೆರಾಕ್ಸ್ ಮೂರು ಸಲ ಕೇಳಿದರು. ಅಣು ಹಡಗು ಬಂದರೆ ಬೇಲಿ ಇನ್ನಷ್ಟು ಈಚೆ ಬರುತ್ತದೆ ಅಷ್ಟೇ. ವಿಶಾಖಪಟ್ಟಣದಲ್ಲೇ ಸುಖವಾಗಿರಲಿ.

ಶಿರಸಿ ಪೇಟೆ: ಬೇಜಾರಾಗಬೇಡಿ ಅಣ್ಣ. ಆದರೆ ಪಾಕಿಸ್ತಾನ ಇರೋದು ಈ ಕಡೆ ಅಲ್ವಾ? ಅದಕ್ಕೇ ಕೇಳಿದ್ದು.

ಮಾಜಿ ನೇವಿ, ಅಂಕೋಲಾ: ಅದು ಗಡಿ ಕಾಯುವ ಹಡಗಲ್ಲ. ಮೊದಲು ನಾವು ಅಣ್ವಸ್ತ್ರ ಹಾಕೋದಿಲ್ಲ ಅಂತ ದೇಶ ಹೇಳಿದೆ. ನೆಲದ ಮೇಲಿರೋದೆಲ್ಲ ಹಾಳಾದರೂ ತಿರುಗಿ ಹೊಡೆಯಲು ನೀರೊಳಗೆ ಒಂದು ಉಳಿದಿರಬೇಕು, ಇದರ ಕೆಲಸ ಅದು. ಅರಿಹಂತ್ ಮೊದಲ ಗಸ್ತು ಮುಗಿಸಿದ್ದನ್ನು ಸರ್ಕಾರ 2018ರ ನವೆಂಬರ್‌ನಲ್ಲಿ ಹೇಳಿತು. ಹೋಗಿ ಬಂದ ಮೇಲೆ! ಎರಡನೆಯದು ಅರಿಘಾತ್, 2024ರ ಆಗಸ್ಟ್‌ನಲ್ಲಿ ಸೇರಿತು. ಕೆ-15 ಕ್ಷಿಪಣಿ ಹೋಗೋದು ಸುಮಾರು 750 ಕಿ.ಮೀ. ಅದನ್ನು ಇಟ್ಟುಕೊಂಡರೆ ಶತ್ರುವಿನ ಹತ್ತಿರ ಹೋಗಲೇಬೇಕು, ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. ಕೆ-4 ಸುಮಾರು 3,500 ಕಿ.ಮೀ. ಹೋಗುತ್ತದೆ. ಅದಿದ್ದರೆ ಬಂಗಾಳ ಕೊಲ್ಲಿಯ ಆಳದಲ್ಲೇ ಕೂತಿರಬಹುದು.

ತದಡಿ ಬೋಟು: ನನಗೆ ಅಣುವೋ ಡೀಸೆಲ್ಲೋ, ಎಲ್ಲ ಒಂದೇ. 2024ರ ನವೆಂಬರ್‌ನಲ್ಲಿ ಗೋವಾದಿಂದ 70 ನಾಟಿಕಲ್ ಮೈಲು ಆಚೆ ಮೀನಿನ ಬೋಟಿಗೂ ನೌಕಾಪಡೆಯ ಸಬ್‌ಮರಿನ್‌ಗೂ ಡಿಕ್ಕಿಯಾಯಿತು. ಬೋಟಿನ 13 ಜನರಲ್ಲಿ 11 ಮಂದಿಯನ್ನು ಕಾಪಾಡಿದರು. ಅವತ್ತಿನಿಂದ ರಾತ್ರಿ ಬಲೆ ಬಿಟ್ಟ ಮೇಲೆ ಬೋಟು ನಡೆಸುವ ನಮ್ಮ ತಾಂಡೇಲ ಮಲಗೋದಿಲ್ಲ. ದೀಪ ಹಚ್ಚಿಟ್ಟುಕೊಂಡು ಕೂರುತ್ತಾನೆ. ದೀಪ ಕೆಳಗಿನವರಿಗೆ ಕಾಣುತ್ತಾ ಅಂತ ಕೇಳಿದರೆ ಅವನಿಗೆ ಸಿಟ್ಟು ಬರುತ್ತದೆ.