ಲಿವರ್‌ಗೆ ಸೆಲ್ ಥೆರಪಿ ಆದಮೇಲೆ ತಪಾಸಣೆ ಎಲ್ಲಿಯವರೆಗೆ? ಡಾಕ್ಟರನ್ನು ಕೇಳಿ

ಅಪ್ಪನ ಮಗಳು: ನಮಸ್ತೆ ಡಾಕ್ಟ್ರೇ. ಅಪ್ಪನಿಗೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿದೆ. 3 ವರ್ಷದ ಹಿಂದೆ ದಾನಿಯ ಸ್ಟೆಮ್ ಸೆಲ್ (ಮೂಲಕೋಶ) ಕೊಟ್ಟಿದ್ದರು. ಈಗ ಆರಾಮಾಗಿದ್ದಾರೆ, ಹೊಟ್ಟೆಯಲ್ಲಿ ನೀರಿಲ್ಲ. ಹಾಗಾಗಿ ಒಂದು ವರ್ಷದಿಂದ ಸ್ಕ್ಯಾನ್ ಬಿಟ್ಟಿದ್ದೇವೆ. ಎಎಫ್‌ಪಿ ರಕ್ತಪರೀಕ್ಷೆ (ಲಿವರ್ ಕ್ಯಾನ್ಸರಿನ ಸುಳಿವು ಕೊಡಬಲ್ಲ ಒಂದು ಪ್ರೋಟೀನಿನದು) ಮಾತ್ರ ಮಾಡಿಸಿದೆವು: 6, ಆಮೇಲೆ 9, ಈಗ 17. ಲ್ಯಾಬಿನವರು 20ರ ಒಳಗಿದೆ, ನಾರ್ಮಲ್ ಅಂದರು. ಸಾಕಲ್ವಾ?

ಡಾಕ್ಟರ್: ಸಾಲದಮ್ಮ. ಮೂರೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ. ಏರುತ್ತಲೇ ಬಂದಿದೆ. 20 ದಾಟಲಿ ಎಂದು ಕಾಯಬೇಡಿ. ಈ ವಾರವೇ ಲಿವರ್ ಡಾಕ್ಟರನ್ನು ಕಂಡು, ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಚಿತ್ರ ಸ್ಪಷ್ಟವಾಗಿಸುವ ಔಷಧ) ಕೊಟ್ಟು ಮಾಡುವ ಸಿಟಿ ಅಥವಾ ಎಂಆರ್‌ಐ ಬಗ್ಗೆ ಕೇಳಿ. ಕ್ಯಾನ್ಸರೇ ಎನ್ನುತ್ತಿಲ್ಲ, ಲಿವರ್ ಊದಿಕೊಂಡಾಗಲೂ ಎಎಫ್‌ಪಿ ಏರುತ್ತದೆ. ಆದರೆ ನೋಡದೆ ಹೇಳಲಾಗದು. ಸೆಲ್ ಕೊಟ್ಟ ಮಾತ್ರಕ್ಕೆ ಸಿರೋಸಿಸ್ ಹೋಯಿತು ಎಂದಲ್ಲ, ಕ್ಯಾನ್ಸರಿನ ಭಯ ಹಾಗೇ ಇರುತ್ತದೆ. 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬಿಡಬಾರದಿತ್ತು.

ಇನ್ನೊಂದು. ಬೇರೆಯವರ ಸೆಲ್ ಬಂದಾಗ ಮೈ ಅದರ ವಿರುದ್ಧ ಪ್ರತಿಕಾಯ (ಹೊರಗಿನದನ್ನು ಎದುರಿಸುವ ಪ್ರೋಟೀನ್) ಬೆಳೆಸಿಕೊಳ್ಳಬಹುದು. ಮುಂದೆ ಲಿವರ್ ಕಸಿ ಬೇಕಾದರೆ ಇದು ಮುಖ್ಯ. ಯಾವ ಸೆಲ್, ಎಷ್ಟು, ಯಾವ ರಕ್ತನಾಳದಲ್ಲಿ ಕೊಟ್ಟರು, ಬ್ಯಾಚ್ ನಂಬರ್ ಏನು, ಆ ಕಾಗದ ಹುಡುಕಿಡಿ.

ಹಸಿರೆಲೆ: ಸ್ಕ್ಯಾನ್ ಎಲ್ಲ ಸುಮ್ನೆ ಖರ್ಚು. ಅರಿಶಿನ ಮತ್ತು ಗ್ರೀನ್ ಟೀ ಸಾರದ ಕ್ಯಾಪ್ಸೂಲ್ 40 ದಿನ ತಗೊಳ್ಳಿ. ನನಗೆ ಬಂದ ಮೆಸೇಜ್, ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಈ ಎರಡರಿಂದಲೂ ಲಿವರ್ ಕೆಟ್ಟವರಿದ್ದಾರೆ. ನಾಳೆ ರಕ್ತಪರೀಕ್ಷೆಯಲ್ಲಿ ಲಿವರ್ ಎನ್‌ಜೈಮ್ (ಲಿವರಿಗೆ ಪೆಟ್ಟಾದಾಗ ಹೆಚ್ಚುವ ಅಂಶ) ಏರಿದರೆ ಸೆಲ್‌ನಿಂದಲೋ ಕ್ಯಾಪ್ಸೂಲಿನಿಂದಲೋ ಹೇಗೆ ಹೇಳಲಿ?

ತಾಳ್ಮೆ: ಸೆಲ್ ಹಾಕಿಸಿದರೆ ಕಸಿ ತಪ್ಪುತ್ತದಾ?

ಡಾಕ್ಟರ್: ಆ ಭರವಸೆ ಯಾರೂ ಕೊಡಲಾಗದು.

ನೀಲಿ ಕೊಡೆ: ಸೆಲ್ ಕೊಟ್ಟಮೇಲೆ 15 ವರ್ಷ ತಪಾಸಣೆ ಮಾಡಿಸಬೇಕಂತೆ?

ಡಾಕ್ಟರ್: ಅದು ಜೀನ್ ತಿದ್ದಿದ ಕೆಲವು ಸೆಲ್‌ಗಳಿಗೆ. ಸಿರೋಸಿಸ್ ಇದ್ದವರಿಗೆ ಸ್ಕ್ಯಾನ್ ಮುಂದುವರಿಯಬೇಕು.

ಹಸಿರೆಲೆ: ಅಂದರೆ ಕೊನೆವರೆಗೂ ದುಡ್ಡು ಸುರಿಯುತ್ತಿರಬೇಕು!

ನೀಲಿ ಕೊಡೆ: ನಿಮ್ಮ ಕ್ಯಾಪ್ಸೂಲ್ ಪುಕ್ಕಟೆನಾ?

ಹಸಿರೆಲೆ: ನನ್ನ ಭಾವನಿಗೆ ವಾಸಿ ಆಗಿದೆ.

ನೀಲಿ ಕೊಡೆ: ರಿಪೋರ್ಟ್ ಹಾಕಿ, ನೋಡೋಣ.

ಮಳೆಬಿಲ್ಲು: ಸೆಲ್ ಆದಮೇಲೆ ಲಸಿಕೆ ಹಾಕಿಸಬಹುದಾ?

ತಾಳ್ಮೆ: ಡಾಕ್ಟ್ರೇ, ಕಸಿ ಬೇಡವೇ ಬೇಡ ಅಂತ ಆಗಬಹುದಾ?

ಡಾಕ್ಟರ್: ಮೇಲೆ ಓದಿ. ಜಗಳ ಬೇರೆ ಕಡೆ ಮಾಡಿ. ರಕ್ತ ವಾಂತಿ, ಕಪ್ಪು ಮಲ, ಮಂಪರು ಕಂಡರೆ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಅಪ್ಪನ ಮಗಳೇ, ಕಾಗದ ಸಿಕ್ಕಿತಾ?

ಅಪ್ಪನ ಮಗಳು: ಫೈಲಿನಲ್ಲಿ ತಾರೀಖು ಮಾತ್ರ ಇದೆ. ಬ್ಯಾಚ್ ನಂಬರ್ ಜಾಗ ಖಾಲಿ.

ಡಾಕ್ಟರ್: ಸೆಲ್ ಕೊಟ್ಟವರನ್ನು ಬರವಣಿಗೆಯಲ್ಲೇ ಕೇಳಿ. ಅದಕ್ಕಾಗಿ ಕಾಯಬೇಡಿ, ಮೊದಲು ಸ್ಕ್ಯಾನ್.