ಟಾನ್ಸಿಲ್ ಆಪರೇಷನ್‌ಗೆ ಮುಂಚೆ ಕೂಸಿನ ಕುತ್ತಿಗಿಗ್ಯಾಕ ಸ್ಕ್ಯಾನಿಂಗ್?

ಗಂಗಾವತಿ ಅಕ್ಕಿಮಿಲ್ಲು:
ನಮಸ್ಕಾರ್ರಿ. ಮಗಳಿಗೆ ಆರು ವರ್ಷ. ರಾತ್ರಿ ಬಾಯಿ ತಗದು ಮಲಗ್ತಾಳ, ಗೊರಕಿಯೊಳಗ ನಮ್ಮಪ್ಪನ್ನೂ ಮೀರಿಸ್ಯಾಳ. ಟಾನ್ಸಿಲ್, ಅಡಿನಾಯ್ಡ್ ಎರಡೂ ತಗೀಬೇಕಂತ ಬಳ್ಳಾರಿಯೊಳಗ ಮುಂದಿನ ಗುರುವಾರ ಆಪರೇಷನ್ ಕೊಟ್ಟಾರ. ನಿನ್ನೆ ಅನಸ್ತೇಷಿಯಾ ಮೇಡಂ ನೋಡಿದ್ರು. ಬಾಯಿ ತಗಿಸಿದ್ರು, ಅಲುಗಾಡೋ ಹಲ್ಲು ಎಣಿಸಿದ್ರು. ಅಲ್ಲೀತನ ಸರಿ. ಆಮ್ಯಾಲ ಕುತ್ತಿಗಿಗೆ ಜೆಲ್ ಹಚ್ಚಿ, ಸ್ಕ್ಯಾನಿಂಗ್ ಮಷೀನ್ ಇಟ್ಟು ಮೂರು ಸರ್ತಿ ಅಳತಿ ತಗೊಂಡು ಚೀಟಿ ಮ್ಯಾಲ 6.8 ಅಂತ ಬರದ್ರು. "ಬಸುರಿಗೆ ಮಾಡೋ ಸ್ಕ್ಯಾನಿಂಗ್ ಕೂಸಿಗ್ಯಾಕೋ?" ಅಂತ ನಮ್ಮವ್ವ ಮನಿಗೆ ಬಂದಾಗಿಂದ ತಲಿ ತಿನ್ನಾಕತ್ತಾಳ. ಅಲ್ಲೇ ಕೇಳೋಣಂದ್ರ ಹಿಂದ ಇಪ್ಪತ್ತು ಮಂದಿ ಪಾಳಿ. ಆಪರೇಷನ್ ಹೊತ್ತಿನ್ಯಾಗ ಉಸಿರಾಟಕ್ಕ ಗಂಟಲೊಳಗ ಇಳಿಸೋ ಟ್ಯೂಬ್ ವಯಸ್ಸು ನೋಡಿ ಹಾಕ್ತಾರಂತ ನರ್ಸಿಂಗ್ ಓದೋ ಹುಡುಗ ಒಬ್ಬ ಹೇಳಿದ. ಹಂಗಿದ್ರ ಅಳತಿ ಯಾಕ? ಕಿರಣ ಏನರ ಬೀಳತೈತೇನು?

ಸಿರುಗುಪ್ಪ ಅಕ್ಕ:
ಅಳತಿ ತಗೊಂಡಾರಂದ್ರ ಖುಷಿ ಪಡ್ರಿ ಅಣ್ಣಾರ. ನನ್ನ ಮಗಗ ಮೂರು ವರ್ಷ ಇದ್ದಾಗ ಹರ್ನಿಯಾ ಆಪರೇಷನ್ ಆತು. ಹೊಟ್ಟಿ ಚಲೋ ವಾಸಿ ಆತು, ಆದ್ರ ಎಚ್ಚರಾದ ಮ್ಯಾಲ ನಾಯಿ ಬೊಗಳಿದಂಗ ಕೆಮ್ಮು, ಉಸಿರು ಎಳದ್ರ ಕೊರ್ ಅಂತ ಸಪ್ಪಳ. ರಾತ್ರಿಯೆಲ್ಲಾ ಮಾಸ್ಕ್ ಹಾಕಿ ಔಷಧಿ ಕೊಟ್ರು. ಟ್ಯೂಬ್ ಬಿಗಿ ಆಗಿತ್ತು ಅಂತ ಆಮ್ಯಾಲ ಹೇಳಿದ್ರು.

ಮಲಗಿಸೋ ಡಾಕ್ಟ್ರು:
ಮೊದಲು ನಿಮ್ಮವ್ವನಿಗೆ ಉತ್ತರ. ಅದು ಅಲ್ಟ್ರಾಸೌಂಡ್, ಬರೀ ಶಬ್ದದ ಅಲೆ. ಎಕ್ಸ್‌ರೇ, ಸಿಟಿಯ ಕಿರಣ ಇದರಲ್ಲಿಲ್ಲ. ಬಸುರಿಯರಿಗೆ ಇದನ್ನೇ ಮಾಡೋದೂ ಅದಕ್ಕೇ ಅಂತ ಹೇಳಿ, ಅರ್ಧ ಜಗಳ ಮುಗಿಯುತ್ತೆ.

ವಯಸ್ಸಿನ ಲೆಕ್ಕ ಇರೋದು ನಿಜ. ವಯಸ್ಸನ್ನು ನಾಲ್ಕರಿಂದ ಭಾಗಿಸಿ, ಕಫ್ (ಗಾಳಿ ಸೋರದಂತೆ ಟ್ಯೂಬಿನ ಸುತ್ತ ಊದಿಸುವ ಬಲೂನು) ಇರುವ ಟ್ಯೂಬಾದರೆ 3.5 ಕೂಡಿಸಬೇಕು. ಆರು ವರ್ಷಕ್ಕೆ 5 ಬಂತು. ಆದರೆ ಈ 5 ಮಿಲಿಮೀಟರ್ ಟ್ಯೂಬಿನ ಒಳಗಿನ ಅಗಲ. ಮಗುವಿನ ಗಂಟಲಿಗೆ ತಾಗೋದು ಹೊರಮೈ. ಅದು ಕಂಪನಿ ಮೇಲೆ 6.7, 6.9, ಹೀಗೆ. ಮೇಡಂ ಬರೆದ 6.8 ಅಂದರೆ ಸ್ಕ್ಯಾನಿಂಗಲ್ಲಿ ಕಂಡ ಗಂಟಲ ದಾರಿಯ ಅಗಲ, ಅದರ ಪಕ್ಕ ಇದನ್ನಿಟ್ಟು ನೋಡಿ. ಅವರು ಮೊದಲು 4.5 ಎತ್ತಿಕೊಳ್ತಾರೆ ಅಂತ ನನ್ನ ಅಂದಾಜು.

ಇನ್ನು ವಯಸ್ಸೇ ಖಾತ್ರಿ ಇಲ್ಲದಿದ್ದರೆ? ನಮ್ಮ ಕಡೆ ಎಷ್ಟೋ ಮಕ್ಕಳು ದಾಖಲೆಯಲ್ಲಿ ಜೂನ್ 1ಕ್ಕೇ ಹುಟ್ಟಿರ್ತಾರೆ, ಮಾಸ್ತರರ ಕೃಪೆ. ಕೊಪ್ಪಳದ ಕಡೆಯ ಒಬ್ಬ ಹುಡುಗನಿಗೆ ಅಪ್ಪ ಆರು ಅಂದ. ಅಜ್ಜಿ "ಗವಿಮಠದ ತೇರು ಆದ ಮರುವಾರ ಹುಟ್ಯಾನ" ಅಂದಳು, ಯಾವ ವರ್ಷದ ತೇರು ಅಂತ ಕೇಳಿದರೆ ಸೊಸೆ ಮುಖ ನೋಡಿದಳು. ಲೆಕ್ಕದಂತೆ 5 ಹಿಡಿದೆ, ಹೋಗಲಿಲ್ಲ. 4.5 ಸ್ವರತಂತು ದಾಟಿತು, ಅದರ ಕೆಳಗೆ ತಡೆಯಿತು. ಒತ್ತಿದ್ದರೆ ಹೋಗುತ್ತಿತ್ತೇನೋ, ಒತ್ತಬಾರದು. ಕೊನೆಗೆ 4 ಇಳಿಯಿತು. ಅಲ್ಟ್ರಾಸೌಂಡ್ ಮಷೀನು ಅದೇ ರೂಮಿನ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು.

ಆ ತಡೆದ ಜಾಗದ ಹೆಸರು ಕ್ರಿಕಾಯ್ಡ್. ಶ್ವಾಸನಾಳದ ಉಳಿದ ಉಂಗುರಗಳು ಕುದುರೆ ಲಾಳದ ಹಾಗೆ ಹಿಂದೆ ಬಾಯಿ ಬಿಟ್ಟಿರ್ತವೆ. ಇದೊಂದೇ ಪೂರ್ತಿ ಬಳೆ. ಸ್ವರತಂತುಗಳು ಪಕ್ಕಕ್ಕೆ ಸರಿದು ದಾರಿ ಕೊಡ್ತವೆ, ಬಳೆ ಕೊಡಲ್ಲ, ಒತ್ತಿದರೆ ಒಳಗಿನ ಪೊರೆ ಊದುತ್ತೆ. 4 ಮಿಲಿಮೀಟರ್ ದಾರಿಯಲ್ಲಿ ಸುತ್ತಲೂ 1 ಮಿಲಿಮೀಟರ್ ಊದಿದರೆ ಉಳಿಯೋದು 2. ಗಾಳಿ ಹೋಗುವ ಜಾಗ ಕಾಲು ಭಾಗಕ್ಕೆ ಬಂತು. ಸಿರುಗುಪ್ಪ ಅಕ್ಕ ಕೇಳಿದ ಆ ಕೊರ್ ಸಪ್ಪಳ ಇಂಥ ಊತದ್ದೇ.

ಮಕ್ಕಳ ಗಂಟಲು ಆಲಿಕೆಯ ಹಾಗೆ, ಕ್ರಿಕಾಯ್ಡ್ ಹತ್ತಿರವೇ ಅತಿ ಕಿರಿದು ಅಂತ ನಾವೆಲ್ಲ ಕಂಠಪಾಠ ಮಾಡಿದವರು. ಅದರ ಮೂಲ 1897ರಲ್ಲಿ ಬಾಯೋ ಎಂಬಾತ ತೀರಿಹೋದ ಮಕ್ಕಳ ಗಂಟಲಿಂದ ತೆಗೆದ ಪ್ಲಾಸ್ಟರ್ ಅಚ್ಚುಗಳು. 1951ರಲ್ಲಿ ಎಕೆನ್‌ಹಾಫ್ ಎಂಬ ಅನಸ್ತೇಷಿಯಾ ಡಾಕ್ಟ್ರು ಅದನ್ನು ಬರೆದರು, ಬದುಕಿರುವ ಮಗುವಿಗೆ ಇದು ಹೊಂದದೇ ಇರಬಹುದು ಅಂತ ಎಚ್ಚರಿಸಿಯೂ ಇದ್ದರು. ಆ ಸಾಲನ್ನು ಯಾರೂ ಕಂಠಪಾಠ ಮಾಡಲಿಲ್ಲ! 2003ರಲ್ಲಿ ಲಿಟ್‌ಮನ್ ಮತ್ತು ಸಂಗಡಿಗರು ನಿದ್ದೆ ಔಷಧಿ ಕೊಟ್ಟ 99 ಮಕ್ಕಳ ಎಂಆರ್‌ಐ ಅಳೆದರು. ಅಡ್ಡಗಲ ಅತಿ ಕಿರಿದಾಗಿದ್ದದ್ದು ಸ್ವರತಂತುಗಳ ಹತ್ತಿರ. ಕ್ರಿಕಾಯ್ಡ್ ಕೂಡ ಪೂರ್ತಿ ದುಂಡಗಿಲ್ಲ, ಪಕ್ಕಗಳಲ್ಲಿ ಒಂಚೂರು ಇಕ್ಕಟ್ಟು. ಅಂದರೆ ದುಂಡನೆ ಟ್ಯೂಬು ಮುಂದೆ ಹಿಂದೆ ಗಾಳಿ ಸೋರುತ್ತಲೇ ಪಕ್ಕದಲ್ಲಿ ಬಳೆಯನ್ನು ಒತ್ತುತ್ತಿರಬಹುದು. ಸೋರುತ್ತಿದೆ, ಸಡಿಲ ಇದೆ ಅಂತ ನಾವು ನೆಮ್ಮದಿಯಿಂದ ಇರ್ತೀವಿ. ಅದಕ್ಕೇ ಈಗ ಸಣ್ಣ ಟ್ಯೂಬು ಹಾಕಿ, ಕಫ್ ಮೆಲ್ಲಗೆ ಊದಿಸಿ, ಒತ್ತಡ 20–25 ಸೆಂಟಿಮೀಟರ್ ನೀರಿನ ಕಂಬದಷ್ಟನ್ನು ದಾಟದಂತೆ ನೋಡಿಕೊಳ್ಳೋದು.

ಇದಕ್ಕಂತಲೇ ಎಲ್ಲರಿಗೂ ಎಂಆರ್‌ಐ ಮಾಡಲ್ಲ. ಆ ಢಬಢಬ ಸಪ್ಪಳದಲ್ಲಿ ಮಗು ಅಲ್ಲಾಡದೆ ಮಲಗಬೇಕಂದರೆ ಅದಕ್ಕೇ ನಿದ್ದೆ ಔಷಧಿ ಬೇಕು. ಸಿಟಿ ಬೇರೆ ಕಾರಣಕ್ಕೆ ಆಗಿದ್ದರೆ ನೋಡ್ತೀವಿ, ಟ್ಯೂಬಿಗೋಸ್ಕರ ಕಿರಣ ಹಾಯಿಸಲ್ಲ. ಅಲ್ಟ್ರಾಸೌಂಡಿಗೂ ಮಿತಿ ಇದೆ. ಗಾಳಿಯ ಆಚೆ ಅದಕ್ಕೆ ಕಾಣಲ್ಲ, ಅಡ್ಡಗಲ ಮಾತ್ರ ಸಿಗುತ್ತೆ. ಕೈ ಓರೆಯಾದರೆ ಲೆಕ್ಕ ತಪ್ಪುತ್ತೆ, ಮೇಡಂ ಮೂರು ಸಲ ಅಳೆದದ್ದು ಅದಕ್ಕೇ. ಗುರುವಾರ ಟ್ರೇನಲ್ಲಿ ಅರ್ಧ ಸೈಜು ಮೇಲಿನದು, ಕೆಳಗಿನದು ಎರಡೂ ಇಟ್ಟಿರ್ತಾರೆ.

ರಾಯಚೂರು ಓಟಿ:
ಸರ್, ನಮ್ಮ ಸೀನಿಯರ್ರು ಮಗುವಿನ ಕಿರುಬೆರಳು ನೋಡಿ ಟ್ಯೂಬ್ ಕೇಳ್ತಿದ್ರು. ಮಷೀನು ಗಿಷೀನು ಏನಿಲ್ಲ.

ಮಲಗಿಸೋ ಡಾಕ್ಟ್ರು:
ನಮ್ಮವರೂ ಹಾಗೇ. ಬೆರಳು ನಂಬುವಂಥ ಅಳತೆ ಅಲ್ಲ, ಅವರ ಕೈ ಪಳಗಿತ್ತು, ಅಷ್ಟೆ.

ಗಂಗಾವತಿ ಅಕ್ಕಿಮಿಲ್ಲು:
ಭಾಳ ಉಪಕಾರ ಆತ್ರಿ ಸರ್. ಇನ್ನೊಂದು ಮಾತು. ಇವತ್ತು ಮುಂಜಾನಿಂದ ಆಕೀಗೆ ಮೂಗು ಸುರಿಯಾಕತ್ತೈತಿ, ಮೈ ಸುಡಾಕತ್ತೈತಿ. ಗುರುವಾರತನ ಕಡಿಮಿ ಆದೀತಲ್ಲ?

ಮಲಗಿಸೋ ಡಾಕ್ಟ್ರು:
ಕಾಯಬೇಡಿ, ಈಗಲೇ ಫೋನ್ ಮಾಡಿ ಹೇಳಿ. ತಾರೀಖು ತಪ್ಪುತ್ತೆ ಅಂತ ಮುಚ್ಚಿಡಬೇಡಿ. ನೆಗಡಿ, ಜ್ವರದ ಗಂಟಲು ಟ್ಯೂಬ್ ಮುಟ್ಟಿದ ಕೂಡಲೇ ಗಪ್ಪನೆ ಮುಚ್ಚಿಕೊಳ್ಳುವ ಅಪಾಯ ಜಾಸ್ತಿ.

ಗಂಗಾವತಿ ಅಕ್ಕಿಮಿಲ್ಲು:
ಮಾಡಿದ್ನಿರಿ. ಮೂರು ವಾರ ಮುಂದ ಹಾಕಿದ್ರು. ಆ ದಿನ ಮತ್ತ ಅಳೀತಾರಂತ. ಕಿರಣದ ಮಾತು ನಮ್ಮವ್ವ ಒಪ್ಪ್ಯಾಳ. ಆದ್ರ ಆ ಜೆಲ್ ತಣ್ಣಗಿತ್ತು, ಅದಕ್ಕ ನೆಗಡಿ ಬಂತು ಅಂತ ಈಗ ಹೊಸಾದು ಹಚ್ಯಾಳ.