ಸಹಾಯ ಬೇಕು: ಮಕ್ಕಳು ತಾವೇ ಕಟ್ಟುತ್ತಿರುವ ಕಂಪ್ಯೂಟರ್ ಆಟಗಳಿಗಾಗಿ

ಆತ್ಮೀಯರೇ, ಬೀದರ್ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ನಮ್ಮ ಎಂಟನೆಯ ತರಗತಿಯ ಮಕ್ಕಳು ಸ್ಕ್ರ್ಯಾಚ್‌ನಲ್ಲಿ ತಮ್ಮದೇ ಆಟಗಳನ್ನು ರೂಪಿಸುತ್ತಿದ್ದಾರೆ. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ನೀಡಿದ ಈ ತಂತ್ರಾಂಶದಲ್ಲಿ ಆದೇಶಗಳನ್ನು ಟೈಪ್ ಮಾಡಬೇಕಿಲ್ಲ, ಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು.

ನೌಬಾದಿನ ಕರೇಜ್ (ಬಾವಿಗಳನ್ನು ಜೋಡಿಸುವ ನೆಲದಡಿಯ ಹಳೆಯ ನೀರಿನ ಸುರಂಗ) ನೋಡಿ ಬಂದ ಒಂದು ಗುಂಪು, ಅಂಥದೇ ಸುರಂಗದಲ್ಲಿ ನೀರಹನಿಯನ್ನು ಬಾವಿಯಿಂದ ಬಾವಿಗೆ ಸಾಗಿಸುವ ಆಟ ಕಟ್ಟುತ್ತಿದೆ. ಪರದೆಯ ನಟ್ಟನಡುವೆ ಸೊನ್ನೆ, ಎಡತುದಿಯಲ್ಲಿ −240, ಕೆಳತುದಿಯಲ್ಲಿ −180 ಇರುವುದರಿಂದ, ಹನಿ ಕೆಳಗಿಳಿಯಬೇಕಾದರೆ ವೈ ಬೆಲೆ (ಮೇಲೆ-ಕೆಳಗಿನ ಸ್ಥಾನ ಹೇಳುವ ಸಂಖ್ಯೆ) ಕಡಿಮೆಯಾಗಬೇಕೆಂಬುದನ್ನು, ಮೊದಲು ಹನಿ ಮೇಲಕ್ಕೆ ಹಾರಿದ್ದನ್ನು ಕಂಡು, ಮಕ್ಕಳು ತಾವೇ ಅರಿತುಕೊಂಡರು. ಋಣ ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ವಿವರಿಸಿದರೂ ನನ್ನಿಂದ ಇದು ಆಗಿರಲಿಲ್ಲ.

ತೊಂದರೆ ಇಷ್ಟು: ನಮ್ಮ ಐದು ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 7 ಇದೆ, ಸ್ಕ್ರ್ಯಾಚ್ 3ರ ಆಫ್‌ಲೈನ್ ಆವೃತ್ತಿಗೆ ವಿಂಡೋಸ್ 10 ಬೇಕು, ಶಾಲೆಯಲ್ಲಿ ಇಂಟರ್ನೆಟ್ ಸ್ಥಿರವಾಗಿ ಸಿಗುವುದಿಲ್ಲ. ಹೀಗಾಗಿ ಹಳೆಯ 1.4 ಆವೃತ್ತಿಯಲ್ಲೇ ಕೆಲಸ ಸಾಗಿದೆ. ಈ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿಕೊಡಬಲ್ಲವರು, ಅಥವಾ ಬಳಸಿದ ಲ್ಯಾಪ್‌ಟಾಪ್ ಕೊಡಬಲ್ಲವರು ಬೀದರ್, ಭಾಲ್ಕಿ, ಹುಮನಾಬಾದ್ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಬ್ಲಾಕ್‌ಗಳ ಇಂಗ್ಲಿಷ್ ಹೆಸರುಗಳಿಗೆ ಮಕ್ಕಳಿಗೆ ಹತ್ತುವಂಥ ಕನ್ನಡ ಪದಗಳನ್ನು ಯಾರಾದರೂ ತರಗತಿಯಲ್ಲಿ ಬಳಸಿ ನೋಡಿದ್ದರೆ ಅದನ್ನೂ ಹಂಚಿಕೊಳ್ಳಬೇಕೆಂದು ಕೋರುತ್ತೇನೆ. ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ಮಕ್ಕಳೊಡನೆ ಕೂರುವವರಿಗೂ ಸ್ವಾಗತವಿದೆ.